ಬಸ್ಸಿನ ಟಾಪಿಗೆ ಎರಡು ತೂತು

ವಾಹನ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಮನೆಯ ಟಾಪಿಗೆ ಎರಡು ತೂತು ಬೇಕು. ಹದಿನಾಲ್ಕು ತಿಂಗಳಿಂದ ಕೇಳುತ್ತಿದ್ದೇನೆ. ಲೋಕದಲ್ಲಿ ಜನ ತೂತು ಮುಚ್ಚಿಸಿಕೊಡಿ ಎಂದು ಕಚೇರಿಗಳಿಗೆ ಅಲೆಯುತ್ತಾರೆ. ನಾನೊಬ್ಬಳು ತೂತು ಮಾಡಿಕೊಳ್ಳಲು ಬಿಡಿ ಎಂದು ಅಲೆಯುತ್ತಿದ್ದೇನೆ. ನೀವು ಮಾಡಿಕೊಡಿ ಎಂದೂ ಕೇಳಿಲ್ಲ. ಕೊರೆಯುವವನು ನನ್ನ ಅಣ್ಣ, ತಗಡು ನಮ್ಮದು, ಫ್ಯಾನು ನಮ್ಮದು, ಆ ತಗಡಿನ ಕೆಳಗೆ ಕೂತು ಉಸಿರಿಗೆ ಒದ್ದಾಡುತ್ತಿರುವವರು ನಮ್ಮ ಯಜಮಾನರು. ಇದರಲ್ಲಿ ನಿಮ್ಮದು ಎನ್ನುವಂಥದ್ದು ಒಂದು ರುಜು ಮಾತ್ರ. ಇಷ್ಟು ದಿನ ಲಕೋಟೆಯಲ್ಲಿಟ್ಟು, ಅಂಟಿಸಿ ಕಳಿಸಿದೆ. ಒಳಗಿದ್ದ ಕಾಗದಕ್ಕೂ ಉಸಿರು ಕಟ್ಟಿತೋ ಏನೋ, ಒಂದೂ ಬದುಕಿ ನಿಮ್ಮ ಮೇಜು ಮುಟ್ಟಿದಂತಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಕೋಪದಲ್ಲಿ ಒಂದೆರಡು ಮಾತು ಹೆಚ್ಚು ಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ನಮ್ಮ ಗುರುತು. ನಾನು ಶಾಲೆಯೊಂದರ ಬಸ್ಸಿನಲ್ಲಿ ಹದಿನೇಳು ವರ್ಷ ಆಯಾ ಆಗಿದ್ದವಳು. ಮಕ್ಕಳು ಬಸ್ಸಕ್ಕ ಎನ್ನುತ್ತಿದ್ದರು. ಹತ್ತಿಸಿಕೊಳ್ಳುವುದು, ಇಳಿಸುವುದು, ವಾಂತಿ ಒರೆಸುವುದು, ಕಿಟಕಿಯಿಂದ ಕೈ ಹೊರಗೆ ಹಾಕಿದವರ ಕಿವಿ ಹಿಂಡುವುದು ನನ್ನ ಕೆಲಸ. ಬಸ್ಸು ಓಡಿಸುತ್ತಿದ್ದವರು ನಮ್ಮ ಯಜಮಾನರು. ಬಸ್ಸಿಗೆ ವಯಸ್ಸಾಯಿತೆಂದು ಶಾಲೆಯವರು ಹೊಸದನ್ನು ತರಿಸಿದ ದಿನ ಹಳೇ ಬಸ್ಸು, ಹಳೇ ಡ್ರೈವರು, ಹಳೇ ಆಯಾ, ಮೂವರಿಗೂ ಒಟ್ಟಿಗೇ ಹೋಗಿಬನ್ನಿ ಅಂದರು. ಬಸ್ಸನ್ನು ನಾವೇ ಕೊಂಡುಕೊಂಡೆವು. ಬಾಡಿಗೆ ಮನೆ ಖಾಲಿ ಮಾಡಿ ಅದರಲ್ಲೇ ಸಂಸಾರ ಹೂಡಿದೆವು. ಸೀಟುಗಳನ್ನೆಲ್ಲ ಬಿಚ್ಚಿ, ಎರಡನ್ನು ಮಾತ್ರ ಎದುರುಬದುರಾಗಿ ಉಳಿಸಿ, ಪ್ಲೈವುಡ್ಡಿನ ಮಂಚ ಹೊಡೆಸಿ, ಹಿಂದಿನ ಸಾಲಿನಲ್ಲಿ ತುಂಟರು ಕೂತು ಜುಟ್ಟು ಎಳೆದಾಡುತ್ತಿದ್ದ ಜಾಗದಲ್ಲಿ ಒಲೆ ಇಟ್ಟೆವು. ಡ್ರೈವರ್ ಸೀಟು ಮಾತ್ರ ಬಿಚ್ಚಲು ಅವರು ಒಪ್ಪಲಿಲ್ಲ. ಈಗಲೂ ಅದರಲ್ಲೇ ಕೂತು ಕಾಫಿ ಕುಡಿಯುತ್ತಾರೆ. ನೋಡಿದವರು ನಕ್ಕರೂ ನಮಗೆ ಅದು ಅರಮನೆಯೇ ಆಗಿತ್ತು, ಮೊದಲ ಎರಡು ವರ್ಷ.

ಆಮೇಲೆ ಗಾಳಿಯ ಕಾಟ ಶುರುವಾಯಿತು. ಕಾಟ ಎಂದರೆ ಗಾಳಿ ಇಲ್ಲದ ಕಾಟ. ಬಸ್ಸು ನಿಂತಿರುವ ಖಾಲಿ ಸೈಟಿನ ಎಡಗಡೆ ಗೋದಾಮಿನ ಗೋಡೆ ಎದ್ದಿತು. ಕಿಟಕಿ ತೆಗೆದು ಕೈ ಚಾಚಿದರೆ ಬೆರಳು ಗೋಡೆಗೆ ತಾಗುತ್ತದೆ. ಬಲಗಡೆ ಕಲ್ಲು ಕೊಯ್ಯುವ ಯಾರ್ಡು ಬಂತು. ಬೆಳಗ್ಗೆ ಎಂಟಕ್ಕೆ ಗರಗಸ ಶುರುವಾದರೆ ಸಂಜೆಯವರೆಗೂ ಬಿಳೀ ಧೂಳು; ಆ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಸರಿಸಿದರೂ ಅನ್ನದ ಮೇಲೆ ಸುಣ್ಣ ಉದುರಿಸಿದ ಹಾಗಾಗುತ್ತದೆ. ಹಾಗಾಗಿ ಎರಡೂ ಕಡೆ ಬಂದ್. ಬಸ್ಸನ್ನೇ ಬೇರೆ ಕಡೆ ನಿಲ್ಲಿಸೋಣವೆಂದರೆ ಕೊಂಡ ವರ್ಷವೇ ಇಂಜಿನ್ನು ಸತ್ತಿದೆ. ಒಳಗೆ ಒಲೆಯ ಹಬೆ, ಒಗೆದ ಬಟ್ಟೆಯ ತೇವ, ಇಬ್ಬರ ಉಸಿರು. ಇದೆಲ್ಲ ಮೇಲಕ್ಕೆ ಹೋಗಿ ತಗಡಿಗೆ ಬಡಿದು ನೀರಾಗಿ ತೊಟಕ್ ತೊಟಕ್ ಎಂದು ನಮ್ಮ ಮೇಲೇ ಬೀಳುತ್ತದೆ. ಹೊರಗೆ ಒಂದು ಹನಿ ಮಳೆಯಿಲ್ಲದಿದ್ದರೂ ನಮ್ಮ ಹಾಸಿಗೆ ಒದ್ದೆ. ಪ್ಲೈವುಡ್ಡಿನ ಹಿಂದೆ ಕಪ್ಪು ಬೂಷ್ಟು ಹಿಡಿದಿದೆ. ವಾರಕ್ಕೊಮ್ಮೆ ಒರೆಸುತ್ತೇನೆ, ವಾರಕ್ಕೊಮ್ಮೆ ಬರುತ್ತದೆ. ಮಧ್ಯಾಹ್ನ ತಗಡು ಕಾದರೆ ಕೇಳಲೇಬೇಡಿ. ನಮ್ಮ ಯಜಮಾನರಿಗೆ ಮೊದಲೇ ಎದೆ ಅಷ್ಟಕ್ಕಷ್ಟೆ, ಡೀಸೆಲ್ ಹೊಗೆ ಕುಡಿದು ಕುಡಿದು ಸವೆದ ಎದೆ. ಈಗ ಮಂಚದಿಂದ ಡ್ರೈವರ್ ಸೀಟಿನವರೆಗೆ ನಡೆಯಲು ಎರಡು ಕಡೆ ನಿಲ್ಲುತ್ತಾರೆ. ಬಸ್ಸು ಎಷ್ಟು ಉದ್ದ ಎಂದು ನಿಮ್ಮ ದಾಖಲೆಯಲ್ಲೇ ಇದೆ, ನೋಡಿಕೊಳ್ಳಿ. ಎದೆಯ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: “ಅಮ್ಮಾ, ಈ ಹಬೆ, ಈ ಬೂಷ್ಟು ಇವರಿಗೆ ವಿಷ. ಒಳಗಿನ ಗಾಳಿ ಹೊರಗೆ ಹೋಗ್ಬೇಕು, ಹೊರಗಿಂದು ಒಳಗೆ ಬರ್ಬೇಕು. ಇಲ್ಲಾಂದ್ರೆ ನನ್ನ ಮಾತ್ರೆ ನೀರಲ್ಲಿ ಹೋಮ.”

ನನ್ನ ಅಣ್ಣ ತಗಡಿನ ಕೆಲಸದವನು. ಡಬ್ಬ, ಚಿಮಣಿ, ನೀರಿನ ದೋಣಿ, ಏನು ಬೇಕಾದರೂ ಮಾಡುತ್ತಾನೆ. ಬಂದವನೇ ಬಸ್ಸಿನ ಮೇಲೆ ಹತ್ತಿ ಟಕ್ ಟಕ್ ಬಡಿದು ನೋಡಿ ಇಳಿದ. “ಇದೇನ್ ಮಹಾ ಕೆಲಸ! ಮುಂದೊಂದು ತೂತು, ಹಿಂದೊಂದು ತೂತು. ಮುಂದಿನದ್ರಿಂದ ಗಾಳಿ ಬರತ್ತೆ, ಒಲೆ ಮೇಲಿನದ್ರಿಂದ ಫ್ಯಾನು ಹಬೆ ಎಳ್ದು ಆಚೆ ಹಾಕತ್ತೆ. ಧೂಳೆಲ್ಲ ಕೆಳಗಡೇನೇ ಓಡಾಡೋದು, ಅಷ್ಟು ಮೇಲಕ್ಕೆ ಬರೋದು ಕಮ್ಮಿ. ಬಂದ್ರೂ ಜಾಲರಿ ಹಾಕ್ತೀನಿ” ಅಂದ. ಟಾಪಿನ ಒಳಗೆ ಅಡ್ಡಡ್ಡ ಕಬ್ಬಿಣದ ಪಟ್ಟಿಗಳಿರುತ್ತವೆ, ಅವು ಬಸ್ಸಿನ ಪಕ್ಕೆಲುಬು. ಅದನ್ನು ಮುಟ್ಟದೆ ನಡುವಿನ ತಗಡನ್ನು ಮಾತ್ರ ಹದಿನಾಲ್ಕು ಇಂಚು ಚೌಕಕ್ಕೆ ಕತ್ತರಿಸಬೇಕು, ಅಂಚು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಕೆಂಪು ಬಣ್ಣ ಬಳಿದು, ಚೌಕಟ್ಟು ಕೂರಿಸಿ, ಸುತ್ತ ಅಂಟು ತುಂಬಬೇಕು, ಮೇಲೊಂದು ತಗಡಿನ ಟೋಪಿ ಹಾಕಿದರೆ ಮಳೆ ನೀರೂ ಇಳಿಯುವುದಿಲ್ಲ ಎಂದು ಹಳೇ ಕ್ಯಾಲೆಂಡರಿನ ಬೆನ್ನಿಗೆ ಚಿತ್ರ ಬರೆದು ತೋರಿಸಿದ. ಒಂದೇ ದಿನದ ಕೆಲಸ. ಟೋಪಿಗಳನ್ನು ಮಾರನೇ ವಾರವೇ ಮಾಡಿ ತಂದಿಟ್ಟ. ಅವು ಇವತ್ತಿಗೂ ಮಂಚದ ಕೆಳಗಿವೆ. ಒಂದರಲ್ಲಿ ಈರುಳ್ಳಿ ಹಾಕಿಟ್ಟಿದ್ದೇನೆ.

ಆ ಹೊತ್ತಿಗೇ ನಮ್ಮ ಯಜಮಾನರು ಬಾಯಿ ಹಾಕಿದರು: “ಪರ್ಮಿಟ್ ತಗೊಂಡು ಮಾಡೋಣ ಭಾವಾ. ಬಾಡಿ ಕಟ್ ಮಾಡ್ಬೇಕಾದ್ರೆ ಆಫೀಸಿಂದ ಪರ್ಮಿಟ್ ಬೇಕು.” ಅಲ್ಲಿಂದ ನಮ್ಮ ದುರ್ದೆಸೆ ಶುರುವಾಯಿತು. ಬಸ್ಸು ಅವರ ಹೆಸರಿನಲ್ಲಿರುವುದರಿಂದ ಅರ್ಜಿದಾರರು ಅವರು. ಬರೆದವಳು ನಾನು, ಏನು ಬರೆಯಬೇಕೆಂದು ಹೇಳಿದವನು ಅಣ್ಣ. ಅವನ ಕಸುಬಿನಲ್ಲಿ ತಗಡಿಗೆ ಏನೇ ಕೊರೆದರೂ ಅದು ತೂತು. ಮೊಳೆಯದ್ದೂ ತೂತೇ, ಬಾವಿಯಷ್ಟಿದ್ದರೂ ತೂತೇ. ಅವನು ಹೇಳಿದ್ದನ್ನೇ ನಾನು ದುಂಡಗೆ ಬರೆದೆ: “ವಿಷಯ: ನಮ್ಮ ಬಸ್ಸಿನ ಟಾಪಿನ ಎರಡು ತೂತುಗಳ ಬಗ್ಗೆ.” ಕೆಳಗೆ ಎಲ್ಲ ವಿವರ, ಅಳತೆ, ಡಾಕ್ಟರ ಚೀಟಿ, ಕ್ಯಾಲೆಂಡರಿನ ಚಿತ್ರ.

ನಿಮ್ಮ ಕಚೇರಿಯಲ್ಲಿ ವಿಷಯ ಎನ್ನುವ ಸಾಲಿನಿಂದ ಕೆಳಗೆ ಓದುವ ಪದ್ಧತಿ ಇಲ್ಲವೆಂದು ನನಗೆ ಹೇಗೆ ಗೊತ್ತಾಗಬೇಕು, ಸ್ವಾಮಿ? ನಲವತ್ತು ದಿನಕ್ಕೆ ಉತ್ತರ ಬಂತು. “ತಮ್ಮ ವಾಹನದ ಮೇಲ್ಛಾವಣಿಯಲ್ಲಿ ಎರಡು ತೂತುಗಳಿರುವುದನ್ನು ತಾವೇ ಲಿಖಿತವಾಗಿ ಒಪ್ಪಿಕೊಂಡಿರುತ್ತೀರಿ. ಸದರಿ ತೂತುಗಳನ್ನು ಹದಿನೈದು ದಿನಗಳೊಳಗೆ ಮುಚ್ಚಿಸಿ, ಮುಚ್ಚಿಸಿದ ಬಗ್ಗೆ ಛಾಯಾಚಿತ್ರ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ನೋಂದಣಿಯನ್ನು ರದ್ದುಪಡಿಸಲಾಗುವುದು.” ಓದಿ ನಾನು ನಕ್ಕೆ, ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮ ಯಜಮಾನರು ನಗಲಿಲ್ಲ. ರದ್ದು ಎನ್ನುವ ಪದದ ಮೇಲೆ ಬೆರಳಿಟ್ಟು ಕೂತರು. ನೋಂದಣಿ ರದ್ದಾದರೆ ಬಸ್ಸು ಗುಜರಿ, ಬಸ್ಸು ಗುಜರಿಯಾದರೆ ನಾವು ಬೀದಿಗೆ.

ಮೂರನೇ ಕೌಂಟರಿನ ಗುಮಾಸ್ತರ ಹತ್ತಿರ ಹೋದೆ. “ಸಾರ್, ತೂತು ಇಲ್ಲ. ತೂತು ಬೇಕು ಅಂತ ಕೇಳಿದ್ದು” ಅಂದೆ.

“ಇಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲಮ್ಮ. ಫೋಟೋ ಹೊಡ್ಸಿ ಕೊಟ್ಬಿಡಿ.”

“ಇಲ್ಲದ ತೂತು ಮುಚ್ಚಿದ್ದೀನಿ ಅಂತ ಫೋಟೋ ಹೇಗ್ ಕೊಡ್ಲಿ?”

“ಟಾಪಿನ ಫೋಟೋ ಕೊಡಿ. ತೂತು ಕಾಣಿಸ್ಲಿಲ್ಲ ಅಂದ್ರೆ ಮುಚ್ಚಿದೆ ಅಂತ ತಾನೇ ಅರ್ಥ? ಮೊದ್ಲು ಇದು ಮುಗೀಲಿ. ಆಮೇಲೆ ಹೊಸದಾಗಿ ಅಪ್ಲಿಕೇಶನ್ ಹಾಕಿ.”

ಬುದ್ಧಿವಂತಿಕೆಗೆ ನಿಮ್ಮಲ್ಲಿ ಬರವಿಲ್ಲ ಎಂದು ಅವತ್ತೇ ಒಪ್ಪಿಕೊಂಡೆ. ಅಣ್ಣ ಏಣಿ ಹತ್ತಿ ಫೋಟೋ ಹೊಡೆದ. ಬೋಳು ತಗಡು, ಮೂಲೆಯಲ್ಲಿ ಒಂದು ಕಾಗೆ. ಎರಡು ತಿಂಗಳಾದ ಮೇಲೆ ಮೊಹರು ಹಾಕಿದ ಪ್ರಮಾಣಪತ್ರ ಬಂತು: “ತೂತುಗಳನ್ನು ತೃಪ್ತಿಕರವಾಗಿ ಮುಚ್ಚಲಾಗಿದೆ.” ನನ್ನ ಅಣ್ಣ ಮೂವತ್ತು ವರ್ಷದಲ್ಲಿ ಎಷ್ಟೋ ತೂತು ಮುಚ್ಚಿದ್ದಾನೆ, ಒಂದಕ್ಕೂ ಸರ್ಕಾರದ ಶಹಬ್ಬಾಸ್‌ಗಿರಿ ಸಿಕ್ಕಿರಲಿಲ್ಲ. ಮುಟ್ಟದೆ ಬಿಟ್ಟದ್ದಕ್ಕೆ ಸಿಕ್ಕಿತು.

ಹೊಸ ಅರ್ಜಿಯಲ್ಲಿ ತೂತು ಎನ್ನುವ ಪದವನ್ನೇ ತೆಗೆದು ಕಿಂಡಿ ಎಂದು ಬರೆದೆ. ಕಿಂಡಿ ಮನೆಗಳಿಗೆ ಇರುವಂಥದ್ದು, ಕಟ್ಟಡದ ಕಚೇರಿಗೆ ಹೋಗಿ ಎಂದರು. ಅಲ್ಲಿನ ಇಂಜಿನಿಯರು ಚಿತ್ರ ನೋಡಿ, “ಇದಕ್ಕೆ ನಂಬರ್ ಪ್ಲೇಟಿದೆಯಲ್ಲಮ್ಮಾ! ಮನೆ ನಂಬರು ಬಾಗ್ಲಲ್ಲಿರತ್ತೆ, ಬಂಪರಲ್ಲಿರಲ್ಲ” ಎಂದು ಕೈ ತೊಳೆದುಕೊಂಡರು. ಮತ್ತೆ ನಿಮ್ಮಲ್ಲಿಗೆ ಬಂದೆ. ಈ ಸಲ ಗ್ರಂಥಾಲಯದವರನ್ನು ಕೇಳಿ “ವಾತಾಯನ ವ್ಯವಸ್ಥೆ” ಎಂದು ಬರೆದೆ. ಅಷ್ಟು ದೊಡ್ಡ ಪದ ಕಂಡು ನಿಮ್ಮವರು ಬೆಚ್ಚಿದರೋ ಏನೋ, ತಪಾಸಣೆಗೆ ಇನ್ಸ್‌ಪೆಕ್ಟರರನ್ನೇ ಕಳಿಸಿದರು.

ಆ ಮಹಾನುಭಾವರು ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ನಾನು ಬೇಕೆಂದೇ ಒಲೆ ಹಚ್ಚಿ ನೀರು ಕುದಿಯಲು ಇಟ್ಟಿದ್ದೆ. ಒಳಗೆ ಬಂದು ನಾಲ್ಕು ನಿಮಿಷ ಕೂತರು. ಕುತ್ತಿಗೆ ಒರೆಸಿಕೊಂಡರು, ಕನ್ನಡಕಕ್ಕೆ ಹಬೆ ಕೂತಿತು ಎಂದು ಅದನ್ನೂ ಒರೆಸಿದರು, ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. “ಏನಮ್ಮಾ ಇದು, ಉಸಿರು ಕಟ್ಟತ್ತಲ್ರೀ ಇಲ್ಲಿ!” ಅಂದರು. ಅಬ್ಬಾ, ಒಬ್ಬರಾದರೂ ಒಪ್ಪಿಕೊಂಡರಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಯಜಮಾನರು ಎದ್ದು ನಿಂತು ಕೈ ಮುಗಿದರು. ಇನ್ಸ್‌ಪೆಕ್ಟರು ಹೊರಗೆ ಹೋಗಿ, ಮರದ ನೆರಳಲ್ಲಿ ನಿಂತು, ನಮ್ಮ ಕೊಡದಿಂದಲೇ ಎರಡು ಲೋಟ ನೀರು ಕುಡಿದು, ವರದಿ ಬರೆದರು. ಅದರ ನಕಲು ನನ್ನ ಹತ್ತಿರ ಇದೆ: “ಒಳಾಂಗಣದಲ್ಲಿ ಗಾಳಿಯ ಕೊರತೆ ಕಂಡುಬಂದಿರುವುದಿಲ್ಲ.” ಕನ್ನಡಕದ ತುಂಬ ಹಬೆ ಇದ್ದವರಿಗೆ ಕಂಡಿರಲಾರದು, ನಾನೂ ಒಪ್ಪುತ್ತೇನೆ. ಮೂಗು ಎಲ್ಲಿ ಹೋಗಿತ್ತು, ಮಾನ್ಯರೇ?

ಆ ವರದಿಯ ಬೆನ್ನಿಗೇ ನಿಮ್ಮ ಕೊನೆಯ ಪತ್ರ ಬಂತು. ಅದು ಬಂದು ಇವತ್ತಿಗೆ ಒಂಬತ್ತು ತಿಂಗಳು. ನನಗೆ ಬಾಯಿಪಾಠ. “ಈಗಾಗಲೇ ತೃಪ್ತಿಕರವಾಗಿ ಮುಚ್ಚಲಾದ ತೂತುಗಳನ್ನು ಮತ್ತೆ ತೆರೆಯುವ ಬಗ್ಗೆ ನಿಯಮಗಳಲ್ಲಿ ಸ್ಪಷ್ಟತೆ ಇಲ್ಲದಿರುವುದರಿಂದ ಕಡತವು ಪರಿಶೀಲನೆಯಲ್ಲಿದೆ. ಪರಿಶೀಲನೆ ಮುಗಿಯುವವರೆಗೆ ವಾಹನದಲ್ಲಿ ಯಾವುದೇ ಮಾರ್ಪಾಡು ಮಾಡಿದಲ್ಲಿ ಅದನ್ನು ಜಪ್ತಿ ಮಾಡಲಾಗುವುದು. ಸದರಿ ಅವಧಿಯಲ್ಲಿ ಅರ್ಜಿದಾರರು ಮರುತಪಾಸಣೆಗೆ ವಾಹನದಲ್ಲಿಯೇ ಲಭ್ಯವಿರತಕ್ಕದ್ದು.” ಇದನ್ನು ಬರೆದವರು ಯಾರೋ, ಬರೆದು ಊಟಕ್ಕೆ ಎದ್ದು ಹೋಗಿರಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅದನ್ನು ನಂಬಿದವರ ಮೇಲೆ.

ನಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಿದರೆ ನಿಮಗೆ ಅರ್ಥವಾದೀತು. ಒಮ್ಮೆ ಬಸ್ಸಿನಲ್ಲಿ ಒಂದು ಪುಟ್ಟ ಹುಡುಗಿಗೆ ಜ್ವರ ನೆತ್ತಿಗೇರಿತ್ತು, ನನ್ನ ಮಡಿಲಲ್ಲಿ ಕೆಂಡದ ಹಾಗೆ ಸುಡುತ್ತಿತ್ತು. ಸಿಗ್ನಲ್ಲಿನಲ್ಲಿ ಕೆಂಪು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. “ರೀ, ನುಗ್ಸಿ!” ಎಂದು ಕಿರುಚಿದೆ. “ಎಲ್ಲರೂ ನುಗ್ಸಿದ್ರೆ ಆ ದೀಪ ಯಾಕೆ ಅಲ್ಲಿ? ಸುಮ್ನಿರು” ಎಂದು ಹಸಿರು ಬರುವವರೆಗೆ ನಿಂತರು. ಆಸ್ಪತ್ರೆ ತಲುಪಿದೆವು, ಮಗು ಹುಷಾರಾಯಿತು, ಅದು ಬೇರೆ ಮಾತು. ಆದರೆ ಅವತ್ತಿನಿಂದ ನಾನು ಮೂರು ದಿನ ಅವರ ಹತ್ತಿರ ಮಾತು ಬಿಟ್ಟಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ ಒಂದು ಸಲವೂ ದಂಡ ಹಾಕಿಸಿಕೊಳ್ಳದ ಮನುಷ್ಯ. ನಿಮ್ಮಂಥ ಕಚೇರಿಗಳು ದೇಶಕ್ಕೆ ಇಂಥ ಪ್ರಜೆಗಳು ಬೇಕು ಎಂದು ಫಲಕ ಹಾಕಿಸುತ್ತವಲ್ಲ, ಅಂಥ ಒಬ್ಬರು ಸಿಕ್ಕಿದ್ದಾರೆ. ಅವರನ್ನು ಏನು ಮಾಡಿದ್ದೀರಿ ನೋಡಿಕೊಳ್ಳಿ.

ಇನ್ನೊಂದನ್ನು ತಪ್ಪೊಪ್ಪಿಗೆ ಎಂದೇ ಬರೆದುಕೊಳ್ಳಿ. ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಾನೇ ಅಣ್ಣನನ್ನು ಕರೆಸಿದೆ. “ಅಣ್ಣಾ, ಇವರನ್ನ ಕೇಳ್ತಾ ಕೂತ್ರೆ ಆಗಲ್ಲ. ಹತ್ತು, ಕೊರಿ. ಜಪ್ತಿ ಮಾಡಿದ್ರೆ ಮಾಡ್ಲಿ, ಮೊದ್ಲು ಇವರು ಉಸಿರಾಡ್ಲಿ” ಅಂದೆ. ಅಣ್ಣ ಮೇಲೆ ಹತ್ತಿ ಸೀಮೆಸುಣ್ಣದಲ್ಲಿ ಚೌಕ ಬರೆದ. ಮೆಷೀನು ಗುರ್ ಎಂದದ್ದೇ ತಡ, ಮಂಚದಲ್ಲಿದ್ದವರು ಎದ್ದರು. ಅಷ್ಟು ಬೇಗ ಅವರು ನಡೆದದ್ದನ್ನು ನಾನು ವರ್ಷದಿಂದ ನೋಡಿರಲಿಲ್ಲ. ನೆಟ್ಟಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಹಾರನ್ ಮೇಲೆ ಅಂಗೈ ಒತ್ತಿಬಿಟ್ಟರು. ದೀಪಕ್ಕೆಂದು ಇಟ್ಟುಕೊಂಡ ಬ್ಯಾಟರಿ, ಹಾರನ್ನಿಗೂ ಸಾಕಾಗಿತ್ತು. ಯಾರ್ಡಿನ ಕಾವಲುಗಾರ ಓಡಿ ಬಂದ, ಪಕ್ಕದ ಬೀದಿಯವರು ಬಂದರು. ಅಣ್ಣ ಇಳಿದು ಬರುವವರೆಗೂ ಕೈ ತೆಗೆಯಲಿಲ್ಲ.

“ಪರ್ಮಿಟ್ ಇಲ್ದೆ... ಈ ಗಾಡಿ... ಒಂದ್ ದಿನಾನೂ ಹೋಗಿಲ್ಲ” ಅಂದರು. ಪ್ರತಿ ಪದಕ್ಕೂ ಒಂದು ಉಸಿರು.

“ಗಾಡಿ ಹೋಗ್ತಿಲ್ಲ ಕಣ್ರೀ, ನೀವು ಹೋಗ್ತಿದೀರ!” ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಸ್ಟಿಯರಿಂಗ್ ಹಿಡಿದುಕೊಂಡೇ ಅರ್ಧ ಗಂಟೆ ಕೂತಿದ್ದರು, ತುಟಿ ನೀಲಿಗಟ್ಟಿತ್ತು. ಅಣ್ಣ ಹೊರಗೆ ನಿಂತು ಮೆಷೀನಿನ ವೈರು ಸುತ್ತುತ್ತಾ ಅಳುತ್ತಿದ್ದ. ಭಾವನಿಗೆ ಕಾಣಬಾರದೆಂದು ಆ ಕಡೆ ತಿರುಗಿಕೊಂಡಿದ್ದ.

ಅಣ್ಣನ ಮನೆ ಊರಿನ ಇನ್ನೊಂದು ತುದಿಯಲ್ಲಿ, ಬಯಲಿಗೆ ಎದುರಾಗಿದೆ. ಒಂದು ಕೋಣೆ ತೆರವು ಮಾಡಿಟ್ಟಿದ್ದಾನೆ. ಅದಕ್ಕೆ ಎರಡು ಕಿಟಕಿ. ಅತ್ತಿಗೆ ಹಾಸಿಗೆಯನ್ನೂ ಹಾಸಿದ್ದಾಳೆ, ವಾರಕ್ಕೊಮ್ಮೆ ಹೊದಿಕೆ ಬಿಸಿಲಿಗೆ ಹಾಕಿ ಮತ್ತೆ ಹಾಸುತ್ತಾಳೆ. ಹೋಗೋಣ ಬನ್ನಿ ಎಂದು ನಾನು ಕಾಲು ಹಿಡಿದದ್ದೂ ಆಯಿತು, ಊಟ ಬಿಟ್ಟದ್ದೂ ಆಯಿತು. ಅವರದು ಒಂದೇ ಮಾತು: “ಲಭ್ಯವಿರತಕ್ಕದ್ದು ಅಂತ ಬರ್ದಿದಾರೆ. ನಾವು ಅಲ್ಲಿಗೆ ಹೋದ ದಿನಾನೇ ಅವ್ರು ಬಂದ್ರೆ? ಫೈಲು ಮುಚ್ಬಿಡ್ತಾರೆ. ಇಷ್ಟು ದಿನ ಕಾದಿದೀವಿ.” ಪ್ರತಿ ದಿನ ಬೆಳಗ್ಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ನಿಮ್ಮ ಮರುತಪಾಸಣೆಗೆ ಕಾಯುತ್ತಾರೆ. ಗೇಟಿನ ಹತ್ತಿರ ಸ್ಕೂಟರ್ ನಿಂತರೆ ಗುಂಡಿ ಸರಿ ಮಾಡಿಕೊಳ್ಳುತ್ತಾರೆ. ಮೂರನೇ ಕೌಂಟರಿನಲ್ಲಿ ಹದಿನೆಂಟು ಸಲ ಕೇಳಿದ್ದೇನೆ, ಯಾವಾಗ ಬರುತ್ತೀರಿ ಎಂದು. ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಈ ಪದ ಕಂಡುಹಿಡಿದವರನ್ನು ಒಮ್ಮೆ ನೋಡಬೇಕು ನನಗೆ. ಕೊಡುತ್ತೇವೆ ಎಂದೂ ಅಲ್ಲ, ಕೊಡುವುದಿಲ್ಲ ಎಂದೂ ಅಲ್ಲ, ಕೇಳಿದವರು ಅಲ್ಲಿಂದ ಅಲ್ಲಾಡುವ ಹಾಗೂ ಇಲ್ಲ.

ಹೋದ ವಾರ ಡಾಕ್ಟರನ್ನು ಬಸ್ಸಿಗೇ ಕರೆತಂದೆ. ನೋಡಿ, ನನ್ನನ್ನು ಹೊರಗೆ ಕರೆದರು. “ಈಗ ಗಾಳಿ ಬದಲಾದ್ರೂ ಜಾಸ್ತಿ ಏನೂ ಆಗಲ್ಲಮ್ಮ. ತಡ ಆಯ್ತು. ಆದ್ರೆ ಕಿಟಕಿ ಇರೋ ಕಡೆ ಇದ್ರೆ ಕೊನೇ ದಿನಗಳು ಇಷ್ಟು ಒದ್ದಾಟ ಇರಲ್ಲ” ಅಂದರು. ಒಳಗೆ ಹೋದಾಗ ಇವರು ಕೇಳಿದರು, “ಏನಂದ್ರು?” “ಹುಷಾರಾಗ್ತೀರಂತೆ” ಅಂದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರಿಗೆ ನಾನು ಹೇಳಿದ ಸುಳ್ಳುಗಳು ಕಡಿಮೆ, ಹೇಳಿದಾಗಲೆಲ್ಲ ಸಿಕ್ಕಿಬಿದ್ದಿದ್ದೇನೆ. ಅವತ್ತೂ ಸಿಕ್ಕಿಬಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ನಾನೇ ಕೇಳಿದೆ, ಕಚೇರಿಯವರು ಇಲ್ಲ ಎಂದು ಬರೆದರೆ ಏನು ಮಾಡುತ್ತೀರಿ ಎಂದು. “ಇಲ್ಲ ಅಂದ್ಮೇಲೆ ಇನ್ನೇನು? ಮುಗೀತಲ್ಲ. ನೀನು ಹೇಳಿದ ಕಡೆ ಬರ್ತೀನಿ” ಅಂದರು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಬದಲಾಗಿದೆ. ತೂತು ಬೇಡ. ಕಿಂಡಿ ಬೇಡ, ವಾತಾಯನವೂ ಬೇಡ. ನಮ್ಮ ಅರ್ಜಿಯನ್ನು ತಿರಸ್ಕರಿಸಿ. ನೀವೇ ಒಂದು ಸಲ ನೋಡಿ, ನಿಯಮದಲ್ಲಿ ಸ್ಪಷ್ಟತೆ ಇಲ್ಲದಿದ್ದರೆ ಅಸ್ಪಷ್ಟವಾಗಿಯೇ ತಿರಸ್ಕರಿಸಿ, ಕಾರಣ ಕೊಡಬೇಡಿ, ನಾನು ಮೇಲ್ಮನವಿ ಹಾಕುವುದಿಲ್ಲ ಎಂದು ಈಗಲೇ ಬರೆದುಕೊಡುತ್ತೇನೆ. ನಾನೇ ಒಂದು ಕಾಗದ ಗೀಚಿ ನಿಮ್ಮ ರುಜು ಹಾಕಿಬಿಡೋಣ ಎಂದೂ ಅನ್ನಿಸಿತ್ತು. ಆದರೆ ಅವರು ನಿಮ್ಮ ಮೊಹರನ್ನು ದೂರದಿಂದಲೇ ಗುರುತು ಹಿಡಿಯುತ್ತಾರೆ, ಇಷ್ಟು ವರ್ಷ ಅದಕ್ಕೆ ತಲೆ ಬಾಗಿಸಿದವರು. ಮೊಹರು ಇರಲೇಬೇಕು. ಈ ಪತ್ರ ಅವರ ಕಣ್ಣಿಗೆ ಬೀಳಬಾರದು. ಇದು ಅಚ್ಚಾದ ದಿನ ಪತ್ರಿಕೆಯನ್ನು ಒಲೆಯ ಕೆಳಗೆ ಹಾಸಿಬಿಡುತ್ತೇನೆ. ನಿಮ್ಮ ಉತ್ತರವನ್ನು ಅಂಚೆಗೆ ಹಾಕಬೇಡಿ, ಅಂಚೆಗೆ ನಾಲ್ಕು ದಿನ ಬೇಕು. ಫೋನ್ ಮಾಡಿ, ನಾನೇ ಓಡಿ ಬಂದು ತೆಗೆದುಕೊಂಡು ಹೋಗುತ್ತೇನೆ. ಇಲ್ಲ ಎಂದು ಬರೆಯಲು ಎರಡೇ ಅಕ್ಷರ ಸಾಕು. ಅವರು ಅದನ್ನು ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು, ಬಸ್ಸಿಳಿದು ನನ್ನ ಜೊತೆ ಬರಲಿ.

ಇಂತಿ,
ಒಂದು ‘ಇಲ್ಲ’ಕ್ಕೂ ಗತಿಯಿಲ್ಲದ,
ಅರ್ಜಿದಾರರ ಹೆಂಡತಿ